ಗೌಡರ ಅಗ್ಗದ ಕೋವಿ

ಬೆಳೆ ಕಾಯಲು ಕೋವಿಯ ಲೈಸೆನ್ಸು ಸಿಕ್ಕವರು ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಬರುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಜೋಡು ನಳಿಗೆಯ ಕೋವಿಯೊಂದಿದೆ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಅಂದಮೇಲೆ ನನಗೆ ತಿಳಿದಿರಬೇಕು ಎಂಬುದು ಅವರ ಲೆಕ್ಕ. "ಸಾ, ಮೈಸೂರಲ್ಲಿ ಒಂದು ಕಂಪನೀದು ಅಗ್ಗಕ್ಕೆ ಸಿಕ್ತದಂತೆ, ತಗೋಬೌದಾ?" ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಯಾಕೆ ಬೇಡ ಎಂದು ವಿವರಿಸಲು ಹೊರಟರೆ ಪಕ್ಕದ ಜಮೀನಿನ ಗೌಡರು ನೆನಪಾಗಿ ಸಿಟ್ಟು ಬರುತ್ತದೆ. ಅವರು ತೀರಿಕೊಂಡು ಇನ್ನೂ ಬಹಳ ದಿನವಾಗಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಗೌಡರ ಜೊತೆ ಒಂದು ಬದು ಹಂಚಿಕೊಂಡು ಬದುಕಿದವರಲ್ಲ.

ಅವರ ಹೆಸರು ಬರೆಯುವುದಿಲ್ಲ. ನಂಜನಗೂಡು ತಾಲ್ಲೂಕಿನ ನಮ್ಮ ಊರಿನಲ್ಲಿ 'ಠುಸ್ ಗೌಡ್ರು' ಅಂದರೆ ಹಾಲು ಡೇರಿಗೆ ಬರುವ ಹೆಂಗಸರಿಗೂ ಗೊತ್ತು. ಆ ಹೆಸರು ಬಂದದ್ದು ಅವರ ಕೋವಿಯಿಂದ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ತಿಳಿಯದ ವಿಷಯವೇನಲ್ಲ. ಒಮ್ಮೆ ಹೋಟೆಲಿನ ಬೆಂಚಿನಲ್ಲಿ ಕೂತು, "ಊರೋರು ಏನಾರ ಕರೀಲಿ, ಕೋವಿಗೆ ಕಿವಿ ಇಲ್ವಲ್ಲ, ಬುಡಿ" ಎಂದಿದ್ದರು.

ಎತ್ತರದ ಆಳು. ಹೆಗಲ ಮೇಲೆ ಬದನವಾಳಿನ ಖಾದಿ ಟವೆಲು, ಬಾಯಲ್ಲಿ ಎಲೆಅಡಿಕೆ. ಯಾವ ಮಾಲೇ ಆಗಲಿ, ಅಂಗಡಿಯಲ್ಲಿ ಇರುವುದರಲ್ಲೇ ಅಗ್ಗದ್ದನ್ನು ಕೊಳ್ಳುವುದು ಅವರಿಗೆ ಒಂದು ವ್ರತ. ದುಡ್ಡಿಲ್ಲದವರು ಹಾಗೆ ಮಾಡಿದರೆ ಅರ್ಥವಾಗುತ್ತದೆ. ಗೌಡರಿಗೆ ನಾಲೆ ನೀರಿನ ಜಮೀನಿತ್ತು, ಕಬ್ಬಿತ್ತು, ಕರೆಯುವ ಹಸುಗಳಿದ್ದವು. "ಜಾಸ್ತಿ ಕೊಡೋದೆಲ್ಲ ಕಂಪನಿ ಹೆಸರಿಗೆ ಕಣ್ರೀ, ಮಾಲಿಗಲ್ಲ" ಎಂಬುದು ಅವರ ಸಿದ್ಧಾಂತ. ಅವರ ಟಾರ್ಚಿಗೆ ಅಂಗೈಯಲ್ಲಿ ಒಂದು ಏಟು ಕೊಟ್ಟರೆ ಮಾತ್ರ ಹತ್ತುತ್ತಿತ್ತು. ಅದಕ್ಕೂ ಸಮರ್ಥನೆ ಸಿದ್ಧವಾಗಿತ್ತು: ಸುಮ್ಮಸುಮ್ಮನೆ ಹತ್ತುವ ಟಾರ್ಚಾದರೆ ಬ್ಯಾಟರಿ ಖಾಲಿಯಾಗುತ್ತದೆ, ಇದು ಬೇಕಾದಾಗ ಮಾತ್ರ ಹತ್ತುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಗೌಡರಿಗೆ ಕೊಂಡದ್ದೆಲ್ಲ ಮುದ್ದು.

ಆದರೆ ಮನೆಗೆ ಯಾರಾದರೂ ಬಂದರೆ ಈ ವ್ರತ ಮುರಿಯುತ್ತಿತ್ತು. ಬಂದವರಿಗೆ ಮಾಮೂಲಿ ಪಚ್ಚಬಾಳೆ ಕೊಟ್ಟವರಲ್ಲ. ನಂಜನಗೂಡಿನ ಪೇಟೆಯೆಲ್ಲ ಹುಡುಕಿ ನಿಜವಾದ ರಸಬಾಳೆಯನ್ನೇ ತರಿಸುತ್ತಿದ್ದರು. ತಾವು ತಿನ್ನುತ್ತಿರಲಿಲ್ಲ. ನನಗೆ ಯಾವತ್ತೂ ಬಗೆಹರಿಯದ ಸಂಗತಿ ಇದು.

ಕೋವಿ ಕೊಳ್ಳಲು ಮೈಸೂರಿಗೆ ಹೋಗುವಾಗ ನನ್ನನ್ನೂ ಕರೆದಿದ್ದರು. ಸಲಹೆ ಕೇಳಲು ಎಂದು ನಾನು ತಿಳಿದುಕೊಂಡೆ. ಅಂಗಡಿಯವನು ಸಾಲಾಗಿ ಒಂಟಿ ನಳಿಗೆ, ಜೋಡು ನಳಿಗೆ ಎಲ್ಲವನ್ನೂ ತೋರಿಸಿದ. ಗೌಡರ ಕಣ್ಣು ಹೋದದ್ದು ಮೂಲೆಯಲ್ಲಿದ್ದ ಒಂಟಿ ನಳಿಗೆಯ ಒಂದು ಕೋವಿಯ ಮೇಲೆ. ಯಾವುದೋ ಹೆಸರು ಕೇಳದ ಕಂಪನಿ. ನಾನು ಅದನ್ನು ಮುರಿದು, ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ನೋಡಿದೆ. ನಳಿಗೆಗೆ ಪರೀಕ್ಷೆಯ ಮುದ್ರೆ ಇತ್ತು, ಅದು ಸಿಡಿಯುವ ಭಯವಿರಲಿಲ್ಲ. ಆದರೆ ಕೀಲು ಆಗಲೇ ಸಡಿಲ, ಟ್ರಿಗರ್ ಎಳೆದಾಗ ಬಡಿಯುವ ಕುದುರೆಯ ಸ್ಪ್ರಿಂಗಿಗೆ ಬಿಗಿಯಿಲ್ಲ, ತೋಟಾದ ಹಿಂಭಾಗಕ್ಕೆ ಹೊಡೆಯುವ ಮೊಳೆ ನೋಡಿದರೆ ಗುಂಡುಸೂಜಿಯ ಹಾಗೆ. ಅಗ್ಗದ ಕೋವಿ ಕೆಡುವುದು ಈ ಸಣ್ಣ ಸಣ್ಣ ಕಡೆಗಳಲ್ಲೇ. ಕೆಟ್ಟರೆ ಬಿಡಿಭಾಗವೂ ಸಿಗುವುದಿಲ್ಲ, ರಿಪೇರಿಯವನೂ ಮುಟ್ಟುವುದಿಲ್ಲ.

"ಬೇಡ ಗೌಡ್ರೇ" ಎಂದೆ. "ಇನ್ನೊಂದು ಸ್ವಲ್ಪ ಹಾಕಿ ಆ ಪಕ್ಕದ್ದು ತಗೊಳ್ಳಿ."

"ವರ್ಸಕ್ಕೆ ನಾಕು ಈಡು ಆರಿಸೋಕೆ ಅಷ್ಟ್ಯಾಕೆ ಮೇಷ್ಟ್ರೇ?"

"ಆ ನಾಲ್ಕು ಈಡು ಹಾರಬೇಕಲ್ಲ. ದಿನಾ ಬಳಸೋ ಪಂಪ್‌ಸೆಟ್ಟಾದರೆ ಇವತ್ತು ಕೆಟ್ಟರೆ ನಾಳೆ ಸರಿಮಾಡಿಸಬಹುದು. ಕೋವಿ ಬೇಕಾಗೋದು ಯಾವತ್ತೋ ಒಂದು ಗಳಿಗೆ. ಆಗ ಅದು ಕೈಕೊಟ್ಟರೆ ಏನು ಮಾಡ್ತೀರಿ?"

ಗೌಡರು ಆ ಕೋವಿಯನ್ನು ಹಸುವಿನ ಕುತ್ತಿಗೆ ಸವರುವ ಹಾಗೆ ಒಮ್ಮೆ ಸವರಿದರು. ಮುಗಿಯಿತು. ನನ್ನನ್ನು ಕರೆದುಕೊಂಡು ಹೋದದ್ದು ಸಲಹೆಗಲ್ಲ, ಬಸ್ಸಿನಲ್ಲಿ ಜೊತೆಗೆ ಎಂದು ವಾಪಸು ಬರುವಾಗ ಗೊತ್ತಾಯಿತು.

ನಮ್ಮ ಕಡೆ ಕೋವಿ ಇರುವುದು ಕೊಲ್ಲುವುದಕ್ಕಲ್ಲ, ಸದ್ದು ಮಾಡುವುದಕ್ಕೆ. ಕಬ್ಬಿಗೆ ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಈಡು ಹಾರಿಸುತ್ತೇವೆ, ಅವು ಓಡುತ್ತವೆ. ಗೌಡರು ಮೊದಲ ಸಲ ಬದುವಿನ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, ನಾಲ್ಕು ಜನ ನೋಡುತ್ತಿರುವಾಗ ಟ್ರಿಗರ್ ಎಳೆದರು. ಟಿಕ್ ಎಂದಿತು. ಇನ್ನೊಮ್ಮೆ ಎಳೆದರು, ಮತ್ತೆ ಟಿಕ್. ಗೌಡರು ಮೋಡ ನೋಡುವವರಂತೆ ಆಕಾಶ ನೋಡಿ, "ಅದ್ಕೆ ಈಗ ಮನ್ಸಿಲ್ಲ" ಎಂದರು.

ಆಮೇಲೆ ಎಷ್ಟು ಸಲ ಆ ಮಾತು ಕೇಳಿದೆನೋ. ಹಾರಿದ ದಿನ ಇರಲಿಲ್ಲ ಎನ್ನಲಾರೆ. ಹಾರಿದ ದಿನ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಹಾರದ ದಿನ ಒಂದೊಂದು ಕಾರಣ: ತೋಟಾ ಹಳೇದು, ಗಾಳಿ ತಣ್ಣಗಿದೆ, ಬೆರಳಿಗೆ ಸುಣ್ಣ ಮೆತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟೇ ಆಗಿದ್ದರೆ ನಗಬಹುದಿತ್ತು. ಟಿಕ್ ಎಂದ ಕೋವಿಯನ್ನು ಒಡನೆಯೇ ಮುರಿದು ಮುಖದ ಹತ್ತಿರ ತಂದು ಇಣುಕುತ್ತಿದ್ದರು. ತೋಟಾ ತಡವಾಗಿ ಹಾರುವುದೂ ಉಂಟು, ನಳಿಗೆಯನ್ನು ಆಚೆ ಹಿಡಿದು ಸ್ವಲ್ಪ ಹೊತ್ತು ಕಾಯಿರಿ ಎಂದು ನಾನು ಬಡಿದುಕೊಂಡದ್ದಕ್ಕೆ ಲೆಕ್ಕವಿಲ್ಲ. "ಅದು ಅಂತಾದ್ದಲ್ಲ ಬುಡಿ ಮೇಷ್ಟ್ರೇ" ಎನ್ನುತ್ತಿದ್ದರು, ಮನೆಯ ನಾಯಿ ಕಚ್ಚುವುದಿಲ್ಲ ಎನ್ನುವವರ ಹಾಗೆ. ಎಷ್ಟೋ ಸಲ ನಾನು ಮಾತು ಬಿಟ್ಟು ಎದ್ದು ಬಂದಿದ್ದೇನೆ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ನಾವಿಬ್ಬರೂ ದೇವನೂರಿನ ಕಡೆಯಿಂದ ಬರುವ ಬಸ್ಸು ಹತ್ತಿ ಒಟ್ಟಿಗೆ ನಂಜನಗೂಡಿಗೆ ಹೋಗುತ್ತಿದ್ದೆವು. ನನ್ನ ಕೋವಿ ಕ್ಯಾನ್ವಾಸಿನ ಚೀಲದಲ್ಲಿ, ಅವರದು ಆ ಖಾದಿ ಟವೆಲಿನಲ್ಲಿ. ಅದನ್ನು ಕಂಡು ಗೌಡರ ಹೆಂಡತಿ, ನಾನು ಅಕ್ಕ ಎನ್ನುವವರು, ಒಂದು ಸಲ ಹಜಾರದ ಕಂಬಕ್ಕೆ ಒರಗಿ ಹೇಳಿದ್ದರು: "ಖಾದಿ ಸುತ್ತಿ ಸುತ್ತಿ ಅದೂ ಅಹಿಂಸೆ ಹಿಡ್ಕಂಡದೆ. ಇನ್ನೆಲ್ಲಿ ಒಡೀತದೆ?" ಗೌಡರು ನಗಲಿಲ್ಲ. ಬಿಡಿಸಿಕೊಂಡು ಬಂದ ಮೇಲೆ ಹೊಸ ಕಾರಣವೊಂದು ಸೇರಿಕೊಂಡಿತು. ಸ್ಟೇಷನ್ನಿನ ಕೋಣೆಯಲ್ಲಿ ಕೋವಿಗೆ ಶೀತವಾಗಿದೆಯಂತೆ. ಮನೆಯ ಮಾಳಿಗೆಯ ಮೇಲೆ ಅಕ್ಕನ ಹಪ್ಪಳ ಸಂಡಿಗೆಯ ಪಕ್ಕ ಕೋವಿಯನ್ನೂ ಬಿಸಿಲಿಗೆ ಮಲಗಿಸಿದರು. ಅದೇ ಕೋಣೆಯಲ್ಲಿ ಅಷ್ಟೇ ದಿನ ಇದ್ದ ನನ್ನ ಕೋವಿಗೆ ಯಾಕೆ ಶೀತವಾಗಲಿಲ್ಲ ಎಂದು ಕೇಳಿದೆ. "ನಿಮ್ದು ಹಳೇ ಕಾಲದ್ದು, ರಾಗಿಮುದ್ದೆ ತಿಂದ ಜೀವ" ಎಂದರು.

ಇಂಥವರ ಹತ್ತಿರ ವಾದ ಮಾಡಿ ಏನು ಫಲ?

ಆ ವರ್ಷ ಆಯುಧ ಪೂಜೆ ಕಳೆದು ಕಬ್ಬು ಕಡಿಯುವ ಕಾಲ ಬಂತು. ಕಬ್ಬು ಕಡಿಯುತ್ತ ಬಂದಂತೆ ಹಂದಿಗಳು ಒಳಒಳಗೇ ಸರಿದು ಕೊನೆಗೆ ಉಳಿದ ಪಟ್ಟೆಯಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಕೊನೆಯ ಪಟ್ಟೆಗೆ ಆಳು ಇಳಿಯುವ ಮೊದಲು ಒಂದು ಕಡೆ ದಾರಿ ತೆರವು ಮಾಡಿ, ಇನ್ನೊಂದು ಕಡೆಯಿಂದ ಆಕಾಶಕ್ಕೆ ಈಡು ಹಾರಿಸುವುದು ಪದ್ಧತಿ. ಕೋವಿಯ ಸದ್ದು ಕೇಳುವ ತನಕ ಯಾರೂ ಮಚ್ಚು ಎತ್ತುವುದಿಲ್ಲ. ಗೌಡರ ಕಬ್ಬು, ಗೌಡರ ಕೋವಿ. ನನ್ನದನ್ನೂ ತರುತ್ತೇನೆ ಎಂದಿದ್ದೆ. "ನೀವು ತಂದ್ರೆ ನಂದ್ಕೆ ಅವಮಾನ" ಎಂದು ಮುಖ ಊದಿಸಿಕೊಂಡರು. ಬರಿಗೈಯಲ್ಲಿ ಹೋಗಿ ಬದುವಿನ ಮೇಲೆ ನಿಂತೆ.

ಟಿಕ್ ಎಂದಿತು. ತೋಟಾ ಬದಲಿಸಿದರು. ಮತ್ತೆ ಟಿಕ್. ಕಡಿಯುವವರು ಮಚ್ಚು ಹಿಡಿದು ನಗುತ್ತ ನಿಂತಿದ್ದರು. ಲಾರಿಯವನು ಹೊತ್ತಾಯಿತೆಂದು ಹಾರ್ನು ಒತ್ತುತ್ತಿದ್ದ. ಗೌಡರು ಸ್ವಲ್ಪ ಯೋಚಿಸಿ, "ಇಳೀರಿ, ಇಳೀರಿ. ಹಂದಿ ಇದ್ದಿದ್ರೆ ಕೋವಿ ಸುಮ್ಕಿರ್ತಿರಲಿಲ್ಲ" ಎಂದರು. ಇದು ಅವರು ಹೇಳಿದ ಮಾತು, ನನ್ನ ಕಲ್ಪನೆಯಲ್ಲ. "ಬೇಡ, ನಿಲ್ಲಿ" ಎಂದು ನಾನು ಕೂಗುತ್ತಿದ್ದ ಹಾಗೇ ಆಳುಗಳು ಇಳಿದರು.

ಒಂಟಿ ಹಂದಿ. ತರಗು ಸದ್ದಾದದ್ದೇ ತಡ, ಬಗ್ಗಿ ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳ ಕಡೆಗೇ ನೇರವಾಗಿ ಬಂತು. ಗೌಡರು ಆ ವಯಸ್ಸಿನಲ್ಲಿ ಹಾಗೆ ಓಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಕೋವಿಯನ್ನು ದೊಣ್ಣೆಯ ಹಾಗೆ ತಿರುಗಿಸಿ ಹಿಡಿದು ನಡುವೆ ಹೋಗಿ ನಿಂತರು. ಕೋವಿಯ ಮರದ ಹಿಡಿ ಹಂದಿಯ ತಲೆಗೆ ಬಿದ್ದು ಮುರಿಯಿತು. ಹಂದಿಯ ಕೋರೆ ಗೌಡರ ತೊಡೆಯನ್ನು ಸೀಳಿಕೊಂಡು ಹೋಯಿತು. ಆ ಹೆಂಗಸಿಗೆ ಒಂದು ಗೀರೂ ಆಗಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮಲಗಿಸಿದ್ದರು. ನೋಡಲು ಹೋದೆ. ಈಗಲಾದರೂ ಬುದ್ಧಿ ಬಂದಿರಬಹುದು ಎಂದುಕೊಂಡಿದ್ದೆ. ನನ್ನನ್ನು ಕಂಡ ಕೂಡಲೇ ತಾವೇ ಶುರುಮಾಡಿದರು.

"ಗಂಧ ಕಣ್ರೀ ಮೇಷ್ಟ್ರೇ. ಆಯುಧ ಪೂಜೇಲಿ ಹಚ್ಚಿದ ಗಂಧ ಆ ಮೊಳೆ ತೂತಿಗೆ ಇಳಿದು ಒಣಗ್ಬುಟ್ಟದೆ. ಕೋವಿದೇನೂ ತಪ್ಪಿಲ್ಲ."

ನಾವೂ ಪ್ರತಿ ವರ್ಷ ಕೋವಿಗೆ ಗಂಧ ಹಚ್ಚಿ, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುತ್ತೇವೆ. ಆದರೆ ನಾವು ಹಚ್ಚುವುದು ಹಿಡಿಗೆ. ಗೌಡರು ಭಕ್ತಿಯಿಂದ ಕೋವಿಯನ್ನು ಮುರಿದಿಟ್ಟು ಒಳಗೆಲ್ಲ ಹಚ್ಚಿದ್ದರು, ದೇವರು ಒಳಗಿನಿಂದ ಕಾಯಲಿ ಎಂದು. ನಾನು ಹಣೆ ಚಚ್ಚಿಕೊಂಡೆ. ಗಂಧ ಹಚ್ಚುವ ಮೊದಲೂ ಅದು ಹಾರುತ್ತಿರಲಿಲ್ಲವಲ್ಲ ಎಂದರೆ ಗೋಡೆಯ ಕಡೆ ತಿರುಗಿ ಮಲಗಿದರು.

ಗೌಡರು ಮನೆಗೆ ಬಂದರು, ಕುಂಟು ಹಾಗೇ ಉಳಿಯಿತು. ಕೋವಿಯ ಹಿಡಿಗೆ ತಾಮ್ರದ ತಂತಿ ಸುತ್ತಿ ಮತ್ತೆ ಗೋಡೆಗೆ ನೇತುಹಾಕಿದರು.

ಅದೇ ಹೊತ್ತಿಗೆ ನನ್ನ ಭಾವಮೈದನಿಗೆ ಲೈಸೆನ್ಸು ಬಂತು. ನನ್ನ ಹೆಂಡತಿಯ ತಮ್ಮ ಅವನು. ತಿ. ನರಸೀಪುರದ ಹತ್ತಿರ ಹೊಳೆಯ ಬದಿಯಲ್ಲಿ ಭತ್ತ, ಕಬ್ಬು ಬೆಳೆಯುತ್ತಾನೆ. ಮನೆಯಲ್ಲಿ ಸಣ್ಣ ಮಕ್ಕಳು, ಹೊಲದಲ್ಲೂ ಅವು ಅವನ ಹಿಂದೆಯೇ. ನಮ್ಮ ಮನೆಗೆ ಬಂದಾಗಲೆಲ್ಲ ಗೌಡರ ರಸಬಾಳೆ ತಿಂದು, ಗೌಡರ ಕೋವಿಯ ಹೊಗಳಿಕೆ ಕೇಳಿ ಬೆಳೆದವನು. ಅದೇ ಕಂಪನಿಯ ಕೋವಿ ಕೊಳ್ಳುತ್ತೇನೆ ಎಂದು ಹೊರಟ. ನಾನು ಎಷ್ಟು ಹೇಳಿದರೂ, "ಭಾವ, ಬಳಸಿದವ್ರ ಮಾತು ಕೇಳಣ ಬನ್ನಿ" ಎಂದು ಗೌಡರ ಮನೆಗೇ ಎಳೆದುಕೊಂಡು ಹೋದ.

ಗೌಡರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ತಲೆಯ ಮೇಲೆ ಗೋಡೆಯಲ್ಲಿ ತಂತಿ ಸುತ್ತಿದ ಕೋವಿ.

"ಗೌಡ್ರೇ, ಇದೇ ಕಂಪನೀದು ತಗೋಬೇಕು ಅಂತಿವ್ನಿ. ನಂಬೌದಾ?"

ಗೌಡರು ನನ್ನ ಮುಖ ನೋಡಿದರು. ಆಮೇಲೆ ಕೋವಿ ನೋಡಿದರು. "ತಗೊ, ಯೋಚ್ನೆ ಮಾಡ್ಬ್ಯಾಡ. ಇಷ್ಟು ವರ್ಸದಲ್ಲಿ ನಂಗೇನೂ ತೊಂದ್ರೆ ಕೊಟ್ಟಿಲ್ಲ."

ನನಗೆ ಮೈ ಉರಿದುಹೋಯಿತು. "ನಿಮ್ಮ ಕಾಲು ನೋಡ್ಕೊಂಡು ಮಾತಾಡಿ ಗೌಡ್ರೇ. ಅವನಿಗೆ ಮಕ್ಕಳಿದ್ದಾವೆ. ನಿಮ್ಮ ಹಟಕ್ಕೆ ಅವನ ಮನೆ ಹಾಳು ಮಾಡಬೇಡಿ" ಎಂದೆ.

"ಮೇಷ್ಟ್ರಿಗೆ ಅಪ್ಪ ಬುಟ್ಟೋದ ಕೋವಿ ಅದೆ. ಕೊಳ್ಳೋರ ಕಷ್ಟ ಏನ್ ಗೊತ್ತು?" ಎಂದರು ಗೌಡರು, ನನಗಲ್ಲ, ಭಾವಮೈದನಿಗೆ. ಅಕ್ಕ ಬಾಗಿಲಲ್ಲಿ ರಸಬಾಳೆಯ ತಟ್ಟೆ ಹಿಡಿದು ನಿಂತಿದ್ದರು. ನಾನು ಹಣ್ಣು ಮುಟ್ಟದೆ ಎದ್ದು ಬಂದೆ. ಬಹಳ ದಿನ ಆ ಮನೆಯ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಭಾವಮೈದ ಬೇರೆ ಕೋವಿಯನ್ನೇ ಕೊಂಡ. ದುಬಾರಿಯದು, ಗಟ್ಟಿಯದು. ಒಂದು ಸಲವೂ ಕೈಕೊಟ್ಟಿಲ್ಲ. ನನ್ನ ಮಾತಿಗೂ ಒಂದು ಬೆಲೆ ಬಂತಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ. ಗೌಡರ ಮುಂದೆ ಹೇಳಿಕೊಳ್ಳದಿದ್ದರೆ ಸಮಾಧಾನವಾಗುವ ಹಾಗಿರಲಿಲ್ಲ. ನಾಲೆಯ ಹತ್ತಿರ ಸಿಕ್ಕಾಗ ಹೇಳಿದೆ. ಗೌಡರು ಎಲೆಅಡಿಕೆ ಉಗಿದು, "ಅವ್ನ ದುಡ್ಡು, ಅವ್ನಿಷ್ಟ. ವೇಸ್ಟು" ಎಂದು ಕುಂಟುತ್ತ ಹೋದರು. ಈ ಮನುಷ್ಯ ಮಣ್ಣಿಗೆ ಹೋಗುವ ತನಕ ಬದಲಾಗುವುದಿಲ್ಲ ಎಂದು ಆವತ್ತು ಅಂದುಕೊಂಡೆ.

ಮಣ್ಣಿಗೆ ಹೋದರು. ಎರಡು ದಿನದ ಜ್ವರ, ಅಷ್ಟೆ. ತಿಥಿಗೆ ಭಾವಮೈದ ರಸಬಾಳೆಯ ಗೊನೆಯೊಂದನ್ನು ಹೊತ್ತು ತಂದ. ಊಟ ಮುಗಿದು ಹುಣಸೆ ಮರದ ಕೆಳಗೆ ಕೂತಿದ್ದಾಗ ಅವನು ಬಾಯಿಬಿಟ್ಟ.

"ಭಾವ, ಇನ್ನು ಹೇಳಬೌದು ಅನ್ಸತ್ತೆ. ಆವತ್ತು ನೀವು ಜಗಳ ಆಡ್ಕಂಡು ಎದ್ದುಹೋದ್ರಲ್ಲ, ಮಾರ್ನೆ ದಿನ ಗೌಡ್ರು ನಮ್ಮನೆಗೆ ಬಂದಿದ್ರು."

ನರಸೀಪುರಕ್ಕೆ. ಹೊಲಿಗೆ ಹಾಕಿದ ಕಾಲಿನಲ್ಲಿ, ಕೋಲೂರಿಕೊಂಡು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಕೈಯಲ್ಲಿ ರಸಬಾಳೆಯ ಚಿಪ್ಪು ಹಿಡಿದು. ಬಂದವರು ನೀರು ಕೂಡ ಮುಟ್ಟಲಿಲ್ಲವಂತೆ.

"'ತಗೋಬ್ಯಾಡ ಕಣಪ್ಪ' ಅಂದ್ರು. 'ನೆನ್ನೆ ನಾನು ಏಳಿದ್ದು ಸುಳ್ಳು. ಅದು ನಂಬೋ ಮಾಲಲ್ಲ. ಮೊದಲ್ನೇ ದಿನ್ವೇ ನಂಗೆ ಗೊತ್ತಾಯ್ತು' ಅಂದ್ರು. ಮತ್ಯಾಕೆ ಗೌಡ್ರೇ ಇಷ್ಟು ವರ್ಷ ಇಟ್ಕಂಡ್ರಿ ಅಂತ ಕೇಳ್ದೆ. 'ಕೊಂಡ್ಬುಟ್ಟಿದ್ನಲ್ಲ' ಅಂದ್ರು."

"ನನಗೆ ಯಾಕೋ ಹೇಳಲಿಲ್ಲ ಇದನ್ನ?"

"ಆಣೆ ಹಾಕಿಸ್ಕಂಡಿದ್ರು ಭಾವ. 'ಮೇಷ್ಟ್ರಿಗೆ ಮಾತ್ರ ಏಳ್ಬ್ಯಾಡ. ಅವ್ರು ಗೆದ್ದಂಗಾಯ್ತದೆ. ದಿನಾ ಎದುರಾಬದುರು ಬದುಕ್ಬೇಕಲ್ಲ' ಅಂದ್ರು."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಮನೆ ಅವರ ಮನೆಗೆ ಕೂಗಳತೆ. ಕೆಟ್ಟ ಕಾಲು ಎಳೆದುಕೊಂಡು ಎರಡು ಬಸ್ಸು ಹತ್ತಿ ಅಷ್ಟು ದೂರ ಹೋಗಿ ನಿಜ ಹೇಳಿದ ಮನುಷ್ಯನಿಗೆ, ಬದುವಿನ ಈಚೆ ನಿಂತಿದ್ದ ನನಗೆ ಒಂದು ಮಾತು ಹೇಳಲು ಆಗಲಿಲ್ಲವೇ? ನಾಲೆಯ ಹತ್ತಿರ ನಾನು ಮೀಸೆ ತಿರುವುತ್ತ ನಿಂತಿದ್ದಾಗ ಒಳಗೊಳಗೇ ಏನೆಂದುಕೊಂಡರೋ. ಒಂದೇ ಒಂದು ಸಲ ಹೇಳಿದ್ದರೆ ಆ ದರಿದ್ರ ಕೋವಿಯನ್ನು ಇಬ್ಬರೂ ಸೇರಿ ಮಾರಿ ಬರುತ್ತಿದ್ದೆವು. ಯಾರೂ ಗೆಲ್ಲುವ, ಸೋಲುವ ಮಾತೇ ಇರಲಿಲ್ಲ.

ಲೈಸೆನ್ಸುದಾರ ಸತ್ತರೆ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಗೌಡರ ಮನೆಯಲ್ಲೇ ಇರುವ ಅಳಿಯನಿಗೆ ಕೋವಿ ಮುಟ್ಟಲು ಭಯ. ಅಕ್ಕ ನನ್ನನ್ನು ಕರೆದರು. ಅದೇ ಬಸ್ಸು, ಅದೇ ಖಾದಿ ಟವೆಲು. ದಾರಿಯುದ್ದಕ್ಕೂ ಅಕ್ಕ ಅದನ್ನು ಮಡಿಲಲ್ಲಿ ಅಡ್ಡಡ್ಡ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ನಾನು ನರಸೀಪುರದ ಸಂಗತಿ ಎತ್ತಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರೂ ಎತ್ತಲಿಲ್ಲ.

ಸ್ಟೇಷನ್ನಿನಲ್ಲಿದ್ದ ಪೊಲೀಸಿನವನು ಟವೆಲು ಬಿಚ್ಚಿ ಕೋವಿಯನ್ನು ಎತ್ತಿ ತಿರುಗಿಸಿ ನೋಡಿದ. ತಾಮ್ರದ ತಂತಿಯನ್ನು ಬೆರಳಿನಿಂದ ಮುಟ್ಟಿ ನಕ್ಕ. "ಏನ್ ಸಾ ಇದು? ಇದೂ ಹಾರ್ತದಾ?"

ವರ್ಷಗಟ್ಟಲೆ ನಾನು ಕಾದಿದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಕ್ಕ ಬೆಂಚಿನ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

"ಒಳ್ಳೇ ಕೋವಿ. ತೋಟಾ ಸರಿ ಇರಬೇಕು, ಅಷ್ಟೆ" ಎಂದೆ.

ಪೊಲೀಸಿನವನು ಕೋವಿಯನ್ನು ಒಳಗೆ ತೆಗೆದುಕೊಂಡು ಹೋದ. ನಾವು ಹೊರಗೆ ಬಂದೆವು. ಅಕ್ಕ ಮೆಟ್ಟಿಲ ಮೇಲೆ ನಿಂತು ಖಾಲಿ ಟವೆಲನ್ನು ಕೊಡವಿ ಮಡಚಿದರು.

"ಈ ಮಾತ ಅವ್ರು ಇದ್ದಾಗ ಒಂದ್ಸಲ ಏಳ್ಬೋದಿತ್ತಲ್ಲ ಮೇಷ್ಟ್ರೇ" ಎಂದರು.